ಫ್ಯೂಸ್ ಡಬ್ಬಿಗೆ ಅತ್ತೆಯ ಮದ್ದು

ಮನೆಅಳಿಯನಾಗಿ ಬಂದವನಿಗೆ ಆ ಮನೆಯಲ್ಲಿ ಸ್ವಂತದ್ದು ಅಂತ ಹೆಚ್ಚೇನೂ ಇರುವುದಿಲ್ಲ. ಹಲ್ಲುಜ್ಜುವ ಬ್ರಷ್ಷು ಇರುತ್ತದೆ, ಅಭಿಪ್ರಾಯ ಇರುತ್ತದೆ. (ಬ್ರಷ್ಷನ್ನು ದಿನಾ ಹೊರಗೆ ತೆಗೆಯಬಹುದು.) ಮಿನಾಬೆ ಊರಿನ, ಉಮೆ ಎಂಬ ಹುಳಿಹಣ್ಣು ಬೆಳೆಯುವ ತೋಟದ ಮನೆಗೆ ಅಳಿಯನಾಗಿ ಬಂದು, ಹೆಂಡತಿಯ ಮನೆತನದ ಹೆಸರನ್ನೇ ತನ್ನದಾಗಿಸಿಕೊಂಡು, ವಿಜ್ಞಾನದ ಮೇಷ್ಟ್ರಾಗಿ ಮಕ್ಕಳನ್ನು ಕಾಯ್ದು ನಿವೃತ್ತನಾದ ಯಸುಕಿಚಿಗೆ ಮಾತ್ರ ಇನ್ನೊಂದು ಆಸ್ತಿಯಿತ್ತು. ಅದು ಅವನ ಕಾರು.

ದುಂಡು ಕಣ್ಣಿನ, ಕೆನೆ ಬಣ್ಣದ ಕಾರು. ವಯಸ್ಸಿನಲ್ಲಿ ಯಸುಕಿಚಿಗಿಂತ ಸ್ವಲ್ಪವೇ ಚಿಕ್ಕದು. ಬೆಳಿಗ್ಗೆ ಇಬ್ಬರೂ ಕೆಮ್ಮಿಕೊಂಡೇ ಏಳುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ಸರ್ಕಾರಿ ತಪಾಸಣೆ ಬರುತ್ತದಲ್ಲ, ಈ ಸಲ ಅದು ಹತ್ತಿರ ಬಂದಾಗ ಹೆಂಡತಿ ಮಿನೆಕೊ ಊಟದ ನಡುವೆ ಚಾಪ್‌ಸ್ಟಿಕ್ ಕೆಳಗಿಟ್ಟಳು. ಆಕೆ ಊಟದ ನಡುವೆ ಚಾಪ್‌ಸ್ಟಿಕ್ ಕೆಳಗಿಟ್ಟರೆ ಏನೋ ಕಾದಿದೆ ಅಂತಲೇ ಅರ್ಥ.

"ರೀ, ನಿಮ್ಮ ಆ ಪಟ್ಟದರಾಣಿ ಈ ಸಲ ಪಾಸಾಗ್ಲಿಲ್ಲ ಅಂದ್ರೆ ಶೆಡ್ಡು ನಂಗೆ ಬೇಕು. ಹೊಸ ಉಮೆ ಪೀಪಾಯಿ ಇಡೋಕೆ ಜಾಗ ಇಲ್ಲ, ಅದು ಕಾಲು ಚಾಚ್ಕೊಂಡು ಮಲಗಿದೆ."

"ಪಾಸಾಗುತ್ತೆ ಮಿನೆಕೊ. ಒಂದು ಚಿಕ್ಕ ದೋಷ, ಅಷ್ಟೆ."

"ವೈಪರ್ ಹಾಕಿದ್ರೆ ದೀಪ ಕಣ್ಣು ಮುಚ್ಚುತ್ತೆ. ಬಲಕ್ಕೆ ತಿರುಗೋ ದೀಪ ಹಾಕಿದ್ರೆ ವೈಪರ್ ಮುನಿಸ್ಕೊಳ್ಳುತ್ತೆ. ನಮ್ಮ ಚಿಕ್ಕಪ್ಪಂದಿರ ಹಾಗೆ, ಒಬ್ರು ಬಂದ್ರೆ ಇನ್ನೊಬ್ರು ಎದ್ದು ಹೋಗ್ತಾರೆ. ಚಿಕ್ಕ ದೋಷವಂತೆ!"

"ಪಾಸಾಗ್ಲಿಲ್ಲ ಅಂದ್ರೆ ನಾನೇ ಮಾರಿಬಿಡ್ತೀನಿ," ಎಂದು ಯಸುಕಿಚಿ ಗಂಭೀರವಾಗಿ ಹೇಳಿದ. ಹೇಳಿದವನು ಅನ್ನವನ್ನು ಅರ್ಧಕ್ಕೇ ಬಿಟ್ಟು ಶೆಡ್ಡಿಗೆ ಹೋಗಿ ಕಾರು ಒರೆಸಿದ.

ಶನಿವಾರ ಬಾನೆಟ್ ಎತ್ತಿ ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದ. ಫ್ಯೂಸುಗಳನ್ನು ಹಿಡಿದಿಡುವ ಹಿತ್ತಾಳೆಯ ಕ್ಲಿಪ್ಪುಗಳಿಗೆಲ್ಲ ಹಸಿರು ಕಿಲುಬು. ಅಷ್ಟು ಕಿಲುಬು ದಾಟಿ ಕರೆಂಟು ಹರಿಯಬೇಕೆಂದರೆ ಅದಕ್ಕೂ ಛಲ ಬೇಕು. ಒಂದೊಂದೇ ಫ್ಯೂಸನ್ನು ಕಿತ್ತು, ಕ್ಲಿಪ್ಪನ್ನು ನಯವಾಗಿ ಉಜ್ಜಿ, ಸಡಿಲಾದದ್ದನ್ನು ಬಿಗಿಮಾಡಿ ಕೂರಿಸಬೇಕು ಎಂದು ಅವನಿಗೆ ಗೊತ್ತಿತ್ತು. ಮಾಡಿಯೂ ಬಿಡುತ್ತಿದ್ದ. ಅಷ್ಟರಲ್ಲಿ ಅತ್ತೆ ಉಶಿನೊ ಬಂದರು.

ಉಶಿನೊ ಅವರ ವೈದ್ಯಶಾಸ್ತ್ರದಲ್ಲಿ ಔಷಧ ಒಂದೇ. ನೆಗಡಿಯಾದರೆ ಉಪ್ಪಿನಲ್ಲಿ ಹಾಕಿದ ಉಮೆ ತಿನ್ನಬೇಕು, ಹೊಟ್ಟೆ ಕೆಟ್ಟರೂ ಅದೇ, ತಲೆನೋವು ಬಂದರೆ ಹಣೆಗೆ ಅದನ್ನೇ ಅಂಟಿಸಿಕೊಳ್ಳಬೇಕು. ಸೊಂಟ ನೋಯುತ್ತಿದ್ದ ಪುರೋಹಿತರೊಬ್ಬರಿಗೆ ಎಲ್ಲಿ ಅಂಟಿಸಿದರು ಎಂಬುದನ್ನು ಊರಿನವರು ಈಗಲೂ ಮರ್ಯಾದೆಗೆ ಹೇಳುವುದಿಲ್ಲ.

"ಏನು ಅಳಿಯಂದ್ರೇ, ಒಳಗೆಲ್ಲ ಹಸಿರಾಗಿದೆ? ಪಿತ್ತ ಕೆರಳಿದೆ ಪಾಪ. ಉಮೆ ರಸ ಹಚ್ಚಿ."

ಉಮೆಗೆ ಉಪ್ಪು ಹಾಕಿ ಪೀಪಾಯಿಯಲ್ಲಿಟ್ಟರೆ ಮೇಲೆ ನಿಲ್ಲುತ್ತದಲ್ಲ, ಆ ಕೆಂಪು ರಸ. ಯಸುಕಿಚಿ ನಗಲು ಬಾಯಿ ತೆರೆದವನು ಹಾಗೇ ನಿಂತ. ವರ್ಷವರ್ಷವೂ ತರಗತಿಯಲ್ಲಿ ತಾನೇ ಮಾಡಿ ತೋರಿಸಿದ ಪ್ರಯೋಗ! ಕಪ್ಪಾದ ಹತ್ತು ಯೆನ್ ತಾಮ್ರದ ನಾಣ್ಯವನ್ನು ಇದೇ ರಸದಲ್ಲಿ ಅದ್ದಿ ತೆಗೆದರೆ ಟಂಕಸಾಲೆಯಿಂದ ಈಗಷ್ಟೇ ಬಂದಂತೆ ಥಳಥಳ. ಮಕ್ಕಳು "ಓಹೋ!" ಎಂದು ಚಪ್ಪಾಳೆ ತಟ್ಟುತ್ತಿದ್ದರು.

"ಅತ್ತೆ, ನೀವು ಹೇಳಿದ್ದು ಶಾಸ್ತ್ರಸಮ್ಮತ! ಆಮ್ಲವು ಲೋಹದ ಮಾಲಿನ್ಯವನ್ನು ಕರಗಿಸಿ ಅದರ ಮೂಲ ಕಾಂತಿಯನ್ನು ಪುನಃಸ್ಥಾಪಿಸುತ್ತದೆ!"

"ಅದನ್ನೇ ಅಲ್ವೇ ನಾನೂ ಹೇಳಿದ್ದು? ಪಿತ್ತ ಇಳಿಸುತ್ತೆ."

ಜಾಡಿ ಬಂತು. ಯಸುಕಿಚಿ ತನ್ನ ಬ್ರಷ್ಷನ್ನೇ ತ್ಯಾಗ ಮಾಡಿದ. ಎರಡು ಸಲ ಉಜ್ಜಿದ್ದೇ ತಡ, ಕ್ಲಿಪ್ಪುಗಳು ಮದುವೆ ಮನೆಯ ಪಾತ್ರೆಗಳಂತೆ ಹೊಳೆದವು.

"ಇನ್ನು ನೀರಲ್ಲಿ ತೊಳೆದುಬಿಡ್ಲಾ ಅತ್ತೆ?"

"ಅಯ್ಯೋ, ಮದ್ದು ಹಚ್ಚಿ ತೊಳೀತಾರಾ ಯಾರಾದ್ರೂ? ಗುಣ ಎಲ್ಲ ಹೋಗುತ್ತೆ. ಹಂಗೇ ಇರ್ಲಿ, ಮೈಗೆ ಹಿಡೀಲಿ."

ದೀಪ ಉರಿಯಿತು, ವೈಪರ್ ಆಡಿತು, ಹಾರ್ನು ಕೂಗಿದ್ದಕ್ಕೆ ಪಕ್ಕದ ಮನೆ ನಾಯಿ ಎದ್ದು ಕೂತಿತು. ಮಿನೆಕೊ ಬಂದು ಎಲ್ಲವನ್ನೂ ಒತ್ತಿ ನೋಡಿ "ಹೂಂ" ಅಂದಳು. ಆ ಮನೆಯಲ್ಲಿ "ಹೂಂ" ಅನ್ನುವುದು ಸಾಮ್ರಾಟರ ಪದಕಕ್ಕೆ ಸಮ. ಯಸುಕಿಚಿ ಆ ರಾತ್ರಿ ಶಿಳ್ಳೆ ಹಾಕುತ್ತಾ ಸ್ನಾನ ಮಾಡಿದ.

ಭಾನುವಾರ, ಸೋಮವಾರ ಜಿಟಿಜಿಟಿ ಮಳೆ. ಮಂಗಳವಾರ ಗಂಡ ಹೆಂಡತಿ ಜಿಲ್ಲಾ ಕೇಂದ್ರಕ್ಕೆ ಹೊರಟರು. ("ನೀನ್ಯಾಕೆ ಬರ್ತೀಯ?" ಎಂದು ಕೇಳಿದ್ದಕ್ಕೆ ಮಿನೆಕೊ, "ಕೊನೇ ದರ್ಶನಕ್ಕೆ ಮನೆಯವರು ಒಬ್ರಾದ್ರೂ ಇರ್ಬೇಕಲ್ಲ" ಅಂದಿದ್ದಳು.) ತಪಾಸಣೆಯ ಸಾಲಿನಲ್ಲಿ ಬಿಳಿ ಕೈಗವಸಿನ ಅಧಿಕಾರಿ ಬಗ್ಗಿ ನಮಸ್ಕರಿಸಿ ಶುರು ಮಾಡಿದ.

"ಎಡಗಡೆ ದೀಪ ಹಾಕಿ, ಯಜಮಾನ್ರೇ."

"ಹಾಕಿದೀನಿ."

"ಎಲ್ಲಿ?"

"ಹಾಕಿದೀನಿ ಸಾರ್."

"ಹೋಗ್ಲಿ, ವೈಪರ್?"

ವೈಪರ್ ಅರ್ಧ ಎದ್ದು, ಪಾಠ ಬಾರದ ಹುಡುಗ ಕೈ ಎತ್ತಿದಂತೆ ನಿಂತುಬಿಟ್ಟಿತು. ಹಾರ್ನು ಒತ್ತಿದರೆ ಮುದುಕರೊಬ್ಬರು ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಹಿಂದಿನ ಕಾರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಯಸುಕಿಚಿ ಬಾನೆಟ್ ಎತ್ತಿ ಡಬ್ಬಿ ತೆರೆದ.

ಮೊದಲು ವಾಸನೆ ಬಂತು. ಅಧಿಕಾರಿ ಬಾಯಲ್ಲಿ ನೀರೂರಿ ಗುಟುಕ್ಕೆಂದು ನುಂಗಿದ. ಕ್ಲಿಪ್ಪುಗಳ ಮೇಲೆ ಮೊದಲಿಗಿಂತ ಮೂರು ಪಟ್ಟು ಕಿಲುಬು ಪಾಚಿಯಂತೆ ಬೆಳೆದು ಹಬ್ಬಿತ್ತು, ನಡುನಡುವೆ ಉಪ್ಪಿನ ಹರಳು.

"ಇದು ಯಾರ ಮನೆ ಉಮೆ, ಯಜಮಾನ್ರೇ?"

"ನಮ್ಮ ಅತ್ತೇದು."

"ಒಳ್ಳೇ ಹದ ಬಂದಿದೆ. ಕಾರು ಬಂದಿಲ್ಲ. ಇವತ್ತೇ ಸರಿಮಾಡಿ ತಂದ್ರೆ ಇನ್ನೊಂದ್ಸಲ ನೋಡ್ತೀನಿ."

ಆವರಣದ ಮೂಲೆಯಲ್ಲಿ ಕಾರು ನಿಲ್ಲಿಸಿದಾಗ ಯಸುಕಿಚಿಗೆ ಒಂದು ಸತ್ಯ ಹೊಳೆಯಿತು. ಥಳಥಳ ಹೊಳೆದ ಆ ನಾಣ್ಯಗಳು ಮರುದಿನ ಹೇಗಿದ್ದವು ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಗಂಟೆ ಬಾರಿಸಿದ ಕೂಡಲೇ ಮಕ್ಕಳು ಮಿಠಾಯಿ ಅಂಗಡಿಗೆ ಓಡುತ್ತಿದ್ದರು. ಇಷ್ಟು ವರ್ಷ ಆ ಪ್ರಯೋಗದ ಉತ್ತರಾರ್ಧ ಮಿಠಾಯಿ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ನಡೆದಿತ್ತು.

"ಮುಗೀತು ಮಿನೆಕೊ. ಶೆಡ್ಡು ನಿಂದೇ," ಎಂದು ಅವನು ಸ್ಟೇರಿಂಗನ್ನು ಸವರಿದ. ಕಣ್ಣು ನಿಜವಾಗಿಯೂ ತುಂಬಿತ್ತು.

ಮಿನೆಕೊ ಅದನ್ನು ನೋಡಿದಳು. ನೋಡದವಳಂತೆ ಎದ್ದುಹೋಗಿ ನೀರಿನ ಬಾಟಲಿಗಳನ್ನು ತಂದು ಅವನ ಕೈಗೆ ತುರುಕಿದಳು. "ಉಪ್ಪು ತಿಂದವ ನೀರು ಕುಡೀಲೇಬೇಕು. ಬ್ಯಾಟರಿ ತಂತಿ ಬಿಚ್ಚಿ. ಏನು ನೋಡ್ತಿದೀರಿ? ಫ್ಯೂಸು ಕೀಳಿ!"

ಫ್ಯೂಸು ಕಿತ್ತರು, ತೊಳೆದರು. ಮಿನೆಕೊ ತನ್ನ ಉಗುರು ಉಜ್ಜುವ ಪಟ್ಟಿಯಿಂದ ಒಂದೊಂದೇ ಕ್ಲಿಪ್ಪನ್ನು ಕೆರೆದಳು, ಬೀಸಣಿಗೆಯಿಂದ ಬೀಸಿ ಒಣಗಿಸಿದಳು, ನಡುನಡುವೆ "ವಿಜ್ಞಾನವಂತೆ, ವಿಜ್ಞಾನ" ಎಂದು ಮಂತ್ರ ಹೇಳಿದಳು. ಅವನು ಕ್ಲಿಪ್ಪುಗಳನ್ನು ಬಿಗಿಮಾಡಿದ. ಎರಡನೆಯ ಸಲ ಎಡ ದೀಪ ಮಿನುಗಿತು, ವೈಪರ್ ಕೊನೆತನಕ ಹೋಗಿ ವಾಪಸ್ಸು ಬಂತು, ಹಾರ್ನಿಗೆ ಅಧಿಕಾರಿಯೇ ಬೆಚ್ಚಿಬಿದ್ದ. ಗಾಜಿಗೆ ಹೊಸ ಚೀಟಿ ಅಂಟಿತು.

"ಕಾರು ಇರ್ಲಿ," ಎಂದಳು ಮಿನೆಕೊ, ದಾರಿಯಲ್ಲಿ. "ಆದ್ರೆ ಅಮ್ಮನಿಗೆ ನಿಜ ನೀವೇ ಹೇಳ್ಬೇಕು. ಇವತ್ತೇ ಹೇಳ್ಬೇಕು."

"ಹೇಳ್ತೀನಿ. ನಂಗೇನು ಹೆದ್ರಿಕೆ?" ಎಂದು ಯಸುಕಿಚಿ ಎದೆಯುಬ್ಬಿಸಿದ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ: "ಅತ್ತೆ, ಉಮೆ ಮನುಷ್ಯರಿಗೆ ಅಮೃತ, ಆದರೆ ಹಿತ್ತಾಳೆಗೆ..."

ಗೇಟಿನಲ್ಲಿ ಉಶಿನೊ ನಿಂತಿದ್ದರು. ಶುಭಕಾರ್ಯಕ್ಕೆ ಮಾತ್ರ ಮಾಡುವ ಕೆಂಪು ಕಾಳಿನ ಅನ್ನ ಬೇಯಿಸಿ, ಹಬ್ಬದ ಕಿಮೊನೊ ಉಟ್ಟಿದ್ದರು.

"ಪಾಸಾಯ್ತಾ ಅಳಿಯಂದ್ರೇ?"

"ಆಯ್ತು ಅತ್ತೆ. ಆದ್ರೆ..."

"ನಮ್ಮ ಉಮೆ ಗುಣ! ಅಲ್ವಾ?"

ಮಿನೆಕೊ ಗಂಡನನ್ನೇ ನೋಡುತ್ತಿದ್ದಳು. ಯಸುಕಿಚಿ ಅತ್ತೆಯ ಮುಖ ನೋಡಿದ, ಹಬೆಯಾಡುವ ಅನ್ನ ನೋಡಿದ. ಮಿನಾಬೆಯಲ್ಲಿ ಉಂಡು, ಮಿನಾಬೆಯ ಉಮೆಯನ್ನು ಹಳಿಯುವ ಅಳಿಯ ಇನ್ನೂ ಹುಟ್ಟಿರಲಿಲ್ಲ.

"ಹೌದು ಅತ್ತೆ," ಅಂದ. "ನಿಮ್ಮ ಉಮೆಯಿಂದ್ಲೇ. ಅಧಿಕಾರಿಗಳೂ ಒಳ್ಳೇ ಹದ ಅಂದ್ರು."

ಮಿನೆಕೊ ಒಳಗೆ ಹೋದಳು. ಅನ್ನ ಬಹಳ ರುಚಿಯಾಗಿತ್ತು, ಅವನು ಎರಡು ಸಲ ಹಾಕಿಸಿಕೊಂಡ.

ಬೆಳಿಗ್ಗೆ ಎದ್ದು ಕೆಮ್ಮುತ್ತಾ ಶೆಡ್ಡಿಗೆ ಹೋದರೆ ಬಾನೆಟ್ ತೆರೆದಿತ್ತು. ಕಿಮೊನೊದ ತೋಳು ಕಟ್ಟಿಕೊಂಡು, ಸೌಟು ಹಿಡಿದು ಉಶಿನೊ ನಿಂತಿದ್ದರು. ಕಾಲ ಬಳಿ ಬರಿದಾದ ಜಾಡಿ. ಫ್ಯೂಸ್ ಡಬ್ಬಿಯಿಂದ ತೊಟ್ಟುತೊಟ್ಟಾಗಿ ಕೆಂಪು ರಸ ಸುರಿದು ಕಾರಿನ ಹೊಟ್ಟೆಯೊಳಗೆಲ್ಲ ಇಳಿಯುತ್ತಿತ್ತು.

"ಬ್ರಷ್ಷಲ್ಲಿ ಸವರಿದ್ದಕ್ಕೇ ಅಷ್ಟು ಗುಣ ಕಾಣಿಸ್ತಲ್ಲ ಅಳಿಯಂದ್ರೇ, ಪಾಪ ಹೊಟ್ಟೆತುಂಬ ಕುಡೀಲಿ ಅಂತ ಹುಯ್ದೆ. ಪಕ್ಕದ್ಮನೆಯವ್ರಿಗೂ ಹೇಳಿದೀನಿ. ವಿಜ್ಞಾನದ ಮೇಷ್ಟ್ರೇ ಒಪ್ಪಿದಾರೆ ಅಂದ ತಕ್ಷಣ ಅವ್ರೂ ಟ್ರ್ಯಾಕ್ಟರಿಗೆ ಹಚ್ತಿದಾರೆ!"

ಯಸುಕಿಚಿ ಸೊಂಟದಿಂದ ಬಗ್ಗಿ, ಅತ್ತೆಯಂದಿರಿಗೆ ಎಷ್ಟು ಬಗ್ಗಬೇಕೋ ಅದಕ್ಕಿಂತ ಒಂದು ಗೇಣು ಹೆಚ್ಚೇ ಬಗ್ಗಿ, "ತುಂಬಾ ಉಪಕಾರ ಆಯ್ತು ಅತ್ತೆ," ಎಂದ.

ಬಗ್ಗಿದ ಅವನ ಕೈಗೆ ಹಿಂದಿನಿಂದ ಯಾರೋ ಅಳತೆ ಟೇಪಿನ ತುದಿಯನ್ನು ಇಟ್ಟರು. ಮಿನೆಕೊ ಆಗಲೇ ಇನ್ನೊಂದು ತುದಿ ಹಿಡಿದು ಶೆಡ್ಡಿನ ಆಚೆ ಗೋಡೆಯತ್ತ ನಡೆಯುತ್ತಿದ್ದಳು.

"ಗಟ್ಟಿಯಾಗಿ ಹಿಡ್ಕೊಳ್ರೀ," ಎಂದಳು. "ಪೀಪಾಯಿ ಎಷ್ಟು ಹಿಡಿಯುತ್ತೆ ನೋಡೋಣ."