ಹಾಯಿಹಡಗಿನ ನಳಕ್ಕೆ ನೀರು ಬಂದ ಬೆಳಿಗ್ಗೆ

ಸಮುದ್ರದ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ವಿಷಯದಲ್ಲಿ ಧಾರವಾಡದಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ಇದ್ದದ್ದು ಒಂದೇ ಅಭಿಪ್ರಾಯ, ಅದೂ ನನ್ನದು. ಇಪ್ಪತ್ತನಾಲ್ಕು ವರ್ಷಗಳಿಂದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಉಬ್ಬರ, ಇಳಿತ, ತಿಮಿಂಗಿಲ ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೇನೆ. ಸಮುದ್ರವನ್ನು ಮಾತ್ರ ಎರಡೇ ಸಲ ನೋಡಿದ್ದೆ. ಎರಡೂ ಸಲ ದಂಡೆಯಲ್ಲಿ ಮನೆಯವರ ಚಪ್ಪಲಿ ಕಾಯುತ್ತ ಕುಳಿತಿದ್ದೆ.

ಹೀಗಿರುವಾಗ ಕಾರವಾರದಿಂದ ಹೊರಡುವ ಒಂದು ತರಬೇತಿ ಹಾಯಿಹಡಗಿಗೆ ನಮ್ಮ ಕಾಲೇಜಿನ ಹತ್ತು ವಿದ್ಯಾರ್ಥಿಗಳು ಆಯ್ಕೆಯಾದರು. ಬೇರೆ ಊರಿನ ಕಾಲೇಜುಗಳವರೂ ಇದ್ದರು. ಎಂಟು ದಿನ ಹಡಗಿನಲ್ಲೇ ವಾಸ. ಹಾಯಿ ಏರಿಸುವುದು, ಹಗ್ಗ ಬಿಗಿಯುವುದು, ಚುಕ್ಕಾಣಿ ಹಿಡಿಯುವುದು ಕಲಿಯಬೇಕು. ಜೊತೆಗೆ ಸಮುದ್ರವಿಜ್ಞಾನದ ಒಂದು ಪ್ರಯೋಗವನ್ನೂ ಮಾಡಬೇಕು. ಕೊನೆಯ ದಿನ ಹಡಗಿನ ವಿಜ್ಞಾನಿ ಎಲ್ಲರ ಪ್ರಯೋಗ ನೋಡಿ, ಒಬ್ಬರನ್ನು ಮಾತ್ರ ಮೂರು ತಿಂಗಳ ದೊಡ್ಡ ಯಾನಕ್ಕೆ ಆರಿಸುತ್ತಾರೆ. ಮಕ್ಕಳ ಜೊತೆ ಒಬ್ಬ ಅಧ್ಯಾಪಕರು ಹೋಗಬೇಕಿತ್ತು. ಪ್ರಿನ್ಸಿಪಾಲರು ಕೇಳಿ ಮುಗಿಸುವ ಮೊದಲೇ ನಾನು ಎದ್ದು ನಿಂತಿದ್ದೆ.

"ಅಲ್ರೀ, ಉಣಕಲ್ ಕೆರ್ಯಾಗ ದೋಣಿ ಹತ್ರಿ ಅಂದ್ರ ಹೊಟ್ಟಿ ತೊಳಸ್ತೈತಿ ಅಂದವರು ನೀವು," ಎಂದಳು ನನ್ನ ಹೆಂಡತಿ ಸುಧಾ.

"ಅದು ಕೆರಿ. ಕೆರಿ ನನ್ನ ವಿಷಯ ಅಲ್ಲ," ಎಂದೆ ಗಂಭೀರವಾಗಿ.

ಅವಳು ನನ್ನ ಚೀಲದಲ್ಲಿ ಒಂದು ಬಾಟಲಿ ನೀಲಗಿರಿ ಎಣ್ಣೆ ಇಟ್ಟಳು.

ಆ ಹತ್ತು ಜನರಲ್ಲಿ ನಮಗೆಲ್ಲ ಭರವಸೆಯಿದ್ದದ್ದು ರೇಷ್ಮಾಳ ಮೇಲೆ. ಎರಡನೆಯ ವರ್ಷದ ಹುಡುಗಿ, ಹುಬ್ಬಳ್ಳಿಯವಳು. ಅವಳ ತಂದೆ ಲಾರಿ ಮೆಕ್ಯಾನಿಕ್. ಬಸ್ ಹತ್ತಿಸಲು ಬಂದವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಸರ್, ಆ ಮೂರು ತಿಂಗಳದ ಹಡಗಿನ ಮ್ಯಾಲೇ ಜೀವ ಇಟ್ಟಾಳ್ರಿ. ನೀವು ಬಾಜೂಕ ಇದ್ರ ನನಗ ಧೈರ್ಯ."

"ಚಿಂತಿ ಬಿಡ್ರಿ. ನಾ ಇದ್ದೇನಲ್ಲ," ಎಂದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಹಡಗು ಹೊರಟಿತು. ಬಂದರು ಕಣ್ಮರೆಯಾಗುವ ಮೊದಲೇ ನಾನು ಕಣ್ಮರೆಯಾದೆ. ಐದು ದಿನ ಕೆಳಗಿನ ಕೋಣೆಯಲ್ಲಿ ಮೂಗಿಗೆ ನೀಲಗಿರಿ ಎಣ್ಣೆ ಸವರಿಕೊಂಡು, ಬಕೆಟ್ಟಿನ ಸಮೀಪದಲ್ಲೇ ಜೀವನ ಸಾಗಿಸಿದೆ. ಮೇಲೆ ಮಕ್ಕಳು ಹಾಡುತ್ತ ಹಾಯಿ ಏರಿಸುವುದು ಕೇಳಿಸುತ್ತಿತ್ತು. ರೇಷ್ಮಾ ದಿನವೂ ನನಗೆ ಗಂಜಿ ತಂದು ಕೊಟ್ಟು, ತನ್ನ ಕೆಲಸದ ವರದಿಯನ್ನೂ ಒಪ್ಪಿಸುತ್ತಿದ್ದಳು. ಅವಳ ಪ್ರಯೋಗ ಪ್ಲಾಂಕ್ಟನ್ ಮೇಲೆ. ಅವು ಸಮುದ್ರದಲ್ಲಿ ತೇಲುವ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಜೀವಿಗಳು. ಹಡಗು ಪ್ರತಿದಿನ ಹೊಸ ಜಾಗದಲ್ಲಿರುತ್ತಿತ್ತು. ಅವಳು ಬೆಳಗಾಗುತ್ತಲೇ ಸಣ್ಣ ಬಲೆ ಇಳಿಸಿ, ಸಿಕ್ಕದ್ದನ್ನು ಎರಡು ಬಾಟಲಿಗಳಲ್ಲಿ ಕೆಡದಂತೆ ಔಷಧಿ ಹಾಕಿ ಇಡುತ್ತಿದ್ದಳು.

"ಸರ್, ಹತ್ತು ಬಾಟಲಿ ಆದ್ವು. ಕೆಳಗ ನಳದ ಬಾಜೂಕ ಇಟ್ಟೇನ್ರಿ, ಅಲ್ಲೆ ಅಲುಗಾಡೂದಿಲ್ಲ," ಎಂದಳು ಐದನೆಯ ದಿನ.

"ಛಲೋ ಮಾಡಿದಿ," ಎಂದೆ ಕಣ್ಣು ಮುಚ್ಚಿಕೊಂಡೇ.

ಇಲ್ಲಿ ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಕೆಲವು ಸಲ ವಾರಕ್ಕೆ ಹತ್ತು ದಿನ. ಪೈಪು ಗೊರಗೊರ ಎಂದರೆ ಸಾಕು, ಮಲಗಿದವರು, ಉಣ್ಣುತ್ತಿದ್ದವರು, ಪೂಜೆಗೆ ಕುಳಿತವರು, ಎಲ್ಲರೂ ಏಳುತ್ತಾರೆ. ಹಳೆಯ ನೀರು ಚೆಲ್ಲುವುದು, ತೊಳೆಯುವುದು, ಹೊಸ ನೀರು ತುಂಬುವುದು. ಇದರಲ್ಲಿ ಯೋಚನೆಗೆ ಅವಕಾಶವಿಲ್ಲ. ಯೋಚಿಸುತ್ತ ನಿಂತವರಿಗೆ ನೀರು ಸಿಗುವುದಿಲ್ಲ.

ಹಡಗಿನಲ್ಲೂ ಸಿಹಿನೀರಿನ ನಳವನ್ನು ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಬಿಡುತ್ತಿದ್ದರು. ಐದು ದಿನ ನನಗೆ ಅದರ ಅರಿವೇ ಇರಲಿಲ್ಲ. ಆರನೆಯ ದಿನ ಬೆಳಿಗ್ಗೆ, ಮೊದಲ ಸಲ ಹೊಟ್ಟೆ ತಣ್ಣಗಿದ್ದಾಗ, ತಲೆಯ ಹತ್ತಿರವೇ ಪೈಪು ಗೊರಗೊರ ಎಂದಿತು.

"ನೀರ ಬಂದಾವ! ಏಳ್ರಿ, ನೀರ ಬಂದಾವ!"

ಕೂಗಿದ್ದು ನಾನೇ. ಬೇರೆ ಊರಿನ ಹುಡುಗರು ಹಡಗು ಒಡೆಯಿತೆಂದು ತಿಳಿದು ತೇಲುವ ಜಾಕೀಟು ಹುಡುಕತೊಡಗಿದರು. ನಮ್ಮವರು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಬಕೆಟ್ಟು, ಮಗ್ಗು, ಡಬ್ಬಿ, ಅಡುಗೆಯವರ ಪಾತ್ರೆ ಹಿಡಿದು ಸಾಲು ನಿಂತರು. ಒಬ್ಬ ತನ್ನ ಮಳೆಬೂಟಿಗೂ ತುಂಬಿಸಿಕೊಂಡ. ಶಿಸ್ತೆಂದರೆ ಅದು.

ಆಗ ನಳದ ಪಕ್ಕದ ಪೆಟ್ಟಿಗೆ ನನ್ನ ಕಣ್ಣಿಗೆ ಬಿತ್ತು. ಹತ್ತು ಬಾಟಲಿ. ಒಳಗೆ ಹಳದಿ ಬಣ್ಣಕ್ಕೆ ತಿರುಗಿದ ನೀರು, ತಳದಲ್ಲಿ ಕಸ. ಇಂಥ ನೀರನ್ನು ಇಷ್ಟು ದಿನ ಇಟ್ಟುಕೊಂಡಿದ್ದಾರಲ್ಲ ಎಂದು ಅಸಹ್ಯವಾಯಿತು. ಔಷಧಿಯ ವಾಸನೆ ಹೊಡೆಯಬೇಕಿತ್ತು. ನನ್ನ ಮೂಗಿನಲ್ಲಿ ನೀಲಗಿರಿ ಬಿಟ್ಟರೆ ಬೇರೇನಕ್ಕೂ ಜಾಗವಿರಲಿಲ್ಲ. ಹತ್ತನ್ನೂ ಚೆಲ್ಲಿದೆ. ಒಳಗಿದ್ದ ಪೆನ್ಸಿಲ್ ಬರಹದ ಚೀಟಿಗಳನ್ನು ತೆಗೆದೆಸೆದೆ. ಎರಡೆರಡು ಸಲ ಕುಲುಕಿ ತೊಳೆದು, ಬಾಯಿಮಟ್ಟ ತುಂಬಿ, ಮುಚ್ಚಳ ಬಿಗಿದು, ಸಾಲಾಗಿ ಜೋಡಿಸಿದೆ.

ನಳ ಒಮ್ಮೆ ಕೆಮ್ಮಿ ನಿಂತಿತು. ಕಪ್ತಾನರು ಇಳಿದು ಬಂದು, ತುಂಬಿದ ಪಾತ್ರೆಗಳ ಸಾಲನ್ನು ಮಳೆಬೂಟಿನವರೆಗೂ ನೋಡಿದರು.

"ಪ್ರೊಫೆಸರೇ, ಎರಡು ದಿನದ ನೀರು ಖಾಲಿ ಮಾಡಿದ್ದೀರಿ. ಯಾಕೆ? ನಾಳೆಯೂ ಬಿಡುತ್ತಿದ್ದೆವಲ್ಲ."

"ನಾಳೆನೂ ಬರ್ತಿದ್ವಾ?" ಎಂದೆ. ಐವತ್ತೆರಡು ವರ್ಷಗಳಲ್ಲಿ ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಮೇಲೆ ಚುಕ್ಕಾಣಿಯ ಪಾಳಿ ಬಂದು ಆ ದಿನ ಬಲೆ ಇಳಿಸಲಾಗದಿದ್ದ ರೇಷ್ಮಾ ಅಷ್ಟು ಹೊತ್ತಿಗೆ ಕೆಳಗೆ ಬಂದಳು. ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು. ಹತ್ತನ್ನೂ ನೋಡಿದಳು.

"ಸರ್, ಇದರಾಗ ಇದ್ದದ್ದು?"

"ಹಳೇ ನೀರವ್ವಾ. ಚೆಲ್ಲಿ ಛಲೋ ನೀರು ತುಂಬೇನಿ..."

ಇಪ್ಪತ್ತನಾಲ್ಕು ವರ್ಷ ನಾನೇ ಮಾಡಿದ ಪಾಠ ಆಗ ತಲೆಗೆ ಬಂತು, ಚಿತ್ರಸಹಿತ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳುತ್ತಿದ್ದೆ.

"ಐದು ಜಾಗದ್ದಿತ್ರಿ ಸರ್," ಎಂದಷ್ಟೇ ಹೇಳಿ ಮೇಲೆ ಹೋದಳು.

ಉಳಿದ ಎರಡು ಬೆಳಿಗ್ಗೆ ಅವಳು ಮತ್ತೆ ಬಲೆ ಇಳಿಸಿದಳು. ಹಗ್ಗ ನಾನು ಎಳೆದೆ. ಒಮ್ಮೆ ಎಳೆಯುವುದು, ಒಮ್ಮೆ ಅಂಚಿಗೆ ಓಡಿ ವಾಂತಿ ಮಾಡುವುದು. ಅಂಗೈ ಸುಲಿದು ಹೋಯಿತು. ಆದರೆ ಹಡಗು ಆಗಲೇ ಬೇರೆ ದಾರಿ ಹಿಡಿದು ಕಾರವಾರದ ಕಡೆ ತಿರುಗಿತ್ತು. ಬಿಟ್ಟು ಬಂದ ಜಾಗಗಳನ್ನು ನನ್ನ ಅಂಗೈ ಮರಳಿ ತರುವಂತಿರಲಿಲ್ಲ.

ಕೊನೆಯ ದಿನ ವಿಜ್ಞಾನಿ ಮೇಡಂ ಕೇಳಿದರು: "ಎರಡೇ ಜಾಗದ್ದು ಯಾಕೆ?"

"ಮೊದಲಿನ ಬಾಟಲಿ ಹಾಳಾದ್ವು ಮೇಡಂ," ಎಂದಳು ರೇಷ್ಮಾ. ನನ್ನ ಹೆಸರು ಹೇಳಲಿಲ್ಲ. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

"ಹಾಳಾಗಿಲ್ರಿ. ನಾ ಚೆಲ್ಲೇನಿ," ಎಂದು ಎದ್ದು ನಿಂತೆ.

"ತಾವು ಯಾವ ವಿಷಯ ಕಲಿಸ್ತೀರಿ?"

ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು. ಜೋರಾಗಿ ಹೇಳಿದೆ.

ಬೇರೆ ಊರಿನ ಹುಡುಗನೊಬ್ಬ ಆಯ್ಕೆಯಾದ. ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಕಾರಣ ಸಿಗಲಿಲ್ಲ.

ಮೊನ್ನೆ ರೇಷ್ಮಾ ವಿಭಾಗಕ್ಕೆ ಬಂದಳು. ಈ ವರ್ಷದ ಹಡಗಿಗೆ ಮತ್ತೆ ಅರ್ಜಿ ಹಾಕುತ್ತಾಳಂತೆ; ನನ್ನ ಸಹಿ ಬೇಕಿತ್ತು. ಸಂತೋಷದಿಂದ ಪೆನ್ನು ತೆಗೆದೆ. ಜೊತೆಗೆ ಬರುವ ಅಧ್ಯಾಪಕರು ಎಂಬಲ್ಲಿ ಸಂಸ್ಕೃತದ ಮೇಡಂ ಹೆಸರನ್ನು ಆಗಲೇ ಬರೆದಿದ್ದಳು.

"ಅವರಿಗೆ ಸಮುದ್ರದ್ದು ಏನ್ ಗೊತ್ತವ್ವಾ?" ಎಂದೆ.

"ಏನೂ ಗೊತ್ತಿಲ್ರಿ ಸರ್," ಎಂದಳು ರೇಷ್ಮಾ, ಬಹಳ ಮರ್ಯಾದೆಯಿಂದ. "ಅದಕ್ಕ, ಏನ್ ಮುಟ್ಟಬೇಕಾದ್ರೂ ಕೇಳಿ ಮುಟ್ತಾರ್ರಿ."

ಸಹಿ ಹಾಕಿದೆ. ಕೆಳಗೆ ನನ್ನ ಹುದ್ದೆಯನ್ನೂ ಬರೆಯಬೇಕಿತ್ತು. 'ಮುಖ್ಯಸ್ಥರು, ಪ್ರಾಣಿಶಾಸ್ತ್ರ ವಿಭಾಗ' ಎಂದು ನಾನು ಬರೆದು ಮುಗಿಸುವವರೆಗೂ ಆ ಹುಡುಗಿ ಪಾಪ, ಕಿಟಕಿಯ ಆಚೆ ನೋಡುತ್ತ ನಿಂತಿದ್ದಳು.