ಜಗಳಕ್ಕೆ ಜನ ಅದಾರೇನು?

ನಮ್ಮ ಚಿಕ್ಕಮ್ಮ ಬರುತ್ತಾಳೆಂದರೆ ವೃದ್ಧಾಶ್ರಮದ ಮ್ಯಾನೇಜರುಗಳು ಹಿಂಬಾಗಿಲು ಹುಡುಕುತ್ತಾರೆ. ಉತ್ಪ್ರೇಕ್ಷೆಯಲ್ಲ, ಹಾಗೆ ಹುಡುಕಿದವರೊಬ್ಬರನ್ನು ನಾನೇ ಕಣ್ಣಾರೆ ಕಂಡಿದ್ದೇನೆ!

ಚಿಕ್ಕಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಅಹಮದಾಬಾದಿಗೆ ಬಂದವಳು ಆಕೆ. ಚಿಕ್ಕಪ್ಪ ತೀರಿಕೊಂಡ ಮೇಲೂ ಅಲ್ಲಿನ ಬೋಪಾಲ್ ಬಡಾವಣೆಯ ಫ್ಲ್ಯಾಟು ಬಿಡಲಿಲ್ಲ. ಯಾಕೆಂದು ಕೇಳಿದರೆ ಎದುರು ಮನೆಯ ಹಂಸಾಬೆನ್ ಕಡೆ ಬೆರಳು ತೋರಿಸುತ್ತಿದ್ದಳು. "ನಾ ಹೋದ್ರ ಆಕಿ ಗೆದ್ದಂಗಾಗ್ತದ!" ಒಗ್ಗರಣೆಯ ಘಾಟು, ಟೀವಿಯ ಸದ್ದು, ಲಿಫ್ಟಿನ ಬಾಗಿಲು, ಯಾವುದಕ್ಕೆ ಜಗಳವಿಲ್ಲ ಹೇಳಿ? ಉಪ್ಪಿನಕಾಯಿಗೂ ಸಕ್ಕರೆ ಹಾಕುವವರನ್ನು ಧಾರವಾಡದ ಹೆಂಗಸು ಕ್ಷಮಿಸುವುದಾದರೂ ಹೇಗೆ?

ಹೀಗಿರಲು ಹಂಸಾಬೆನ್ ಬಚ್ಚಲಲ್ಲಿ ಜಾರಿ ಬಿದ್ದರು. ಎತ್ತಲು ಹೋದ ಚಿಕ್ಕಮ್ಮನೂ ಬಿದ್ದಳು. ಚಿಕ್ಕಮ್ಮನ ಜತೆಗೇ ಇರುವ ನಾನು ಓಡಿ ಹೋದಾಗ ಇಬ್ಬರೂ ಒದ್ದೆ ನೆಲದ ಮೇಲೆ ಮಲಗಿಕೊಂಡೇ, ಯಾರಿಂದ ಯಾರು ಬಿದ್ದದ್ದೆಂದು ವಾದಿಸುತ್ತಿದ್ದರು!

ಚಿಕ್ಕಮ್ಮನದು ಬರೀ ತರಚು ಗಾಯ. ಹಂಸಾಬೆನ್ ಅವರ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದರೂ ಒಬ್ಬರೇ ಎದ್ದು ಓಡಾಡುವಂತಾಗಲಿಲ್ಲ. ಮಕ್ಕಳಿಲ್ಲ. ಇರುವ ಒಬ್ಬ ಸೋದರಳಿಯ ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವವನು. ಒಳ್ಳೆಯವನೇ, ಆದರೆ ಅವನದು ಒಂದೇ ಕೋಣೆಯ ಮನೆ. ಅಲ್ಲೇ ಹತ್ತಿರದ ವೃದ್ಧಾಶ್ರಮವೊಂದನ್ನು ಗೊತ್ತು ಮಾಡಿದ್ದೇನೆಂದು ಫೋನ್ ಮಾಡಿದ.

"ನಾ ನೋಡದ ಹೆಂಗ ಕಳಸ್ಲಿ?" ಎಂದಳು ಚಿಕ್ಕಮ್ಮ.

"ನಿನಗೆ ಅವರೇನಾಗಬೇಕು?"

"ವೈರಿ! ಗಾಡಿ ತಗಿ."

ಸೂರತ್ತಿನ ಆಶ್ರಮದ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. "ಬಹು ಶಾಂತಿ ಛೆ, ಬೆನ್! ತುಂಬ ಶಾಂತಿ, ಅಕ್ಕಾ. ಇಲ್ಲಿ ಯಾರೂ ದನಿ ಎತ್ತುವುದಿಲ್ಲ," ಎಂದ ಮ್ಯಾನೇಜರ್. ಹಜಾರದಲ್ಲಿ ಮುದುಕರು ಸಾಲಾಗಿ ಕೂತು, ಸದ್ದಿಲ್ಲದ ಟೀವಿ ನೋಡುತ್ತಿದ್ದರು. ಚಿಕ್ಕಮ್ಮ ಒಬ್ಬ ಅಜ್ಜನನ್ನು ಊಟ ಹೇಗಿದೆಯೆಂದು ಕೇಳಿದಳು. ಅಜ್ಜ ಮೊದಲು ಮ್ಯಾನೇಜರನ ಮುಖ ನೋಡಿದ. ಆಮೇಲೆ, "ಚೆನ್ನಾಗಿದೆ," ಎಂದ.

"ಜಗಳಾಡ್ಲಿಕ್ಕೆ ಜನ ಅದಾರೇನು ಇಲ್ಲೆ?" ಚಿಕ್ಕಮ್ಮನ ಈ ಪ್ರಶ್ನೆಯನ್ನು ನಾನೇ ಹಿಂದಿಗೆ ಇಳಿಸಬೇಕಾಯಿತು.

"ಒಬ್ಬರೂ ಇಲ್ಲ!" ಮ್ಯಾನೇಜರನ ಎದೆ ಉಬ್ಬಿತು.

"ಹಂಗಾರ ನಡಿ," ಎಂದು ನನ್ನ ಕೈ ಎಳೆದಳು. ಕಾರಿನಲ್ಲಿ, "ಆ ಅಜ್ಜ ಮೊದಲ ಯಾರ ಮಾರಿ ನೋಡ್ದ, ಕಂಡ್ಯಾ?" ಎಂದಳು. ಕಂಡಿದ್ದೆ. ಅದರ ಅರ್ಥ ಹೊಳೆದದ್ದು ಮಾತ್ರ ಆಗಲೇ.

ಆಮೇಲೆ ನೋಡಿದ ಅಹಮದಾಬಾದಿನದು ಹೋಟೆಲಿನಂಥ ಆಶ್ರಮ. ಚಿಕ್ಕಮ್ಮ ಖಾಲಿ ಮಂಚವೊಂದರ ಮೇಲೆ ಮಲಗಿ ಕರೆಗಂಟೆ ಒತ್ತಿದಳು. ಯಾರೂ ಬರಲಿಲ್ಲ. ಮತ್ತೆ ಒತ್ತಿದಳು. ಕಾದು ಕಾದು ಗೊರಕೆಯನ್ನೇ ಹೊಡೆದಳು! ಎದ್ದ ಮೇಲೆ ಮ್ಯಾನೇಜರಿಗೆ, "ಹಾಸಿಗಿ ಭೇಷ್ ಅದ. ಸತ್ತ್ರೂ ಯಾರೂ ಎಬ್ಬಸೂದಿಲ್ಲ," ಎಂದಳು. ಹಿಂಬಾಗಿಲಿಂದ ಹೋದ ಮಹಾಶಯರು ಇವರೇ.

ವಡೋದರಾದ ಆಶ್ರಮದ ಗೋಡೆಗೆ ಸುಣ್ಣವೂ ನೆಟ್ಟಗಿರಲಿಲ್ಲ. ಆದರೆ ಗೇಟಿಗೇ ಕೂಗಾಟ ಕೇಳಿಸಿತು. ಅಜ್ಜನೊಬ್ಬ ಬಟ್ಟಲು ಎತ್ತಿ ಹಿಡಿದು ಕಢಿಗೆ ಉಪ್ಪಿಲ್ಲವೆಂದು ಗುಡುಗುತ್ತಿದ್ದ. ಅಡುಗೆಯವಳು ಸೌಟು ತಿರುಗಿಸುತ್ತ, "ಬೀಪಿ ನಿಮ್ಮದೋ ನನ್ನದೋ, ದಾದಾ?" ಎನ್ನುತ್ತಿದ್ದಳು. ಗಾಲಿಕುರ್ಚಿಯ ಅಜ್ಜಿಯೊಬ್ಬಳು ಅಜ್ಜನ ಪರವಾಗಿ ಮೇಜು ಬಡಿದಳು.

ಚಿಕ್ಕಮ್ಮನ ಮುಖ ಅರಳಿತು! ಆದರೂ ಬಿಡಲಿಲ್ಲ. ಅಜ್ಜಿಯರ ಕಾಲುಗುರು ನೋಡಿದಳು, ಕತ್ತರಿಸಿದ್ದವು. ಗಂಟೆ ಒತ್ತಿದಳು. "ಏನಾಯಿತು, ಅಮ್ಮಾ?" ಎನ್ನುತ್ತ ಆಯಾ ಒದ್ದೆ ಕೈಯಲ್ಲೇ ಓಡಿ ಬಂದಳು.

"ಇದ ಆತು," ಎಂದಳು ಚಿಕ್ಕಮ್ಮ. ಸೋದರಳಿಯನನ್ನು ಒಪ್ಪಿಸುವ ಕೆಲಸವನ್ನೂ ಅವಳೇ ಮುಗಿಸಿದಳು. ಹೇಗೆಂದು ಕೇಳಬೇಡಿ, ಪಾಪದ ಹುಡುಗ!

ಹಂಸಾಬೆನ್ ಅವರನ್ನು ಬಿಟ್ಟುಬರುವ ದಿನ ಚಿಕ್ಕಮ್ಮ ಆಯಾಳನ್ನು ಪಕ್ಕಕ್ಕೆ ಕರೆದು ತನ್ನ ಹರುಕು ಗುಜರಾತಿಯಲ್ಲಿ ಹೇಳತೊಡಗಿದಳು. ಹಂಸಾಬೆನ್‌ಗೆ ಎಡಗಿವಿ ಕೇಳಿಸುವುದಿಲ್ಲ, ಆದರೆ ಒಪ್ಪಿಕೊಳ್ಳುವುದಿಲ್ಲ, ಬಲಗಡೆ ನಿಂತು ಮಾತಾಡು. ನೀರು ಬೇಕೆಂದು ಬಾಯಿಬಿಟ್ಟು ಕೇಳುವವಳಲ್ಲ, ನೀನೇ ಕೊಡು. ಮೋಡ ಗುಡುಗಿದರೆ ಪಕ್ಕದಲ್ಲಿ ಕೂತಿರು, ಹೆದರಿಕೆಯೇ ಎಂದು ಮಾತ್ರ ಕೇಳಬೇಡ.

"ಸುಳ್ಳು! ಎಲ್ಲ ಸುಳ್ಳು!" ಎಂದು ಮಂಚದಿಂದಲೇ ಕೂಗಿದ ಹಂಸಾಬೆನ್, ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

ಮನೆಗೆ ಬಂದಾಗ ಎದುರು ಬಾಗಿಲಿಗೆ ಬೀಗವಿತ್ತು. ಪಕ್ಕದಲ್ಲಿ ಹಂಸಾಬೆನ್ ಅವರ ತುಳಸಿ ಕುಂಡ. ಚಿಕ್ಕಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ನಿಧಾನವಾಗಿ ಅದಕ್ಕೆ ಹಾಕಿದಳು.

"ಈ ಕುಂಡ ದಾರ್ಯಾಗ ಅಡ್ಡ ಆಗ್ತದ ಅಂತ ನಾ ಆಕಿಗೆ ದಿನಾ..." ಎಂದವಳು ಅಲ್ಲಿಗೇ ನಿಲ್ಲಿಸಿ, ಹಣೆಯನ್ನು ನನ್ನ ಭುಜಕ್ಕೆ ಒತ್ತಿಕೊಂಡಳು.