ಬೀದಿಯ ಬೋರ್ಡಿಗೆ ತವರುಮನೆಯ ತೊಡಕು

ಕಿರ್ ಕಿರ್, ಆಮೇಲೊಂದು ಟೊಂಯ್. ಪಿಟೀಲಿನ ಬಿರಡೆ ತಿರುಗಿಸಿ ತಂತಿ ಬಿಗಿಮಾಡುವ ಈ ಸದ್ದಿಗೇ ನಾನು ಬಾಲ್ಯವೆಲ್ಲ ಎದ್ದದ್ದು. ಚಾಮರಾಜಪೇಟೆಯ ನಮ್ಮ ಬೀದಿಗೆ ಕೋಳಿ ಕೂಗಬೇಕಿರಲಿಲ್ಲ, ಎದುರುಮನೆಯ ಸಾವಿತ್ರಿ ಇದ್ದಳು. ನಾನೋ ಕಾನ್ವೆಂಟ್ ಹುಡುಗಿ, ಶ್ರುತಿ ಸೇರುವವರೆಗೆ ಕಾಯುವ ಪೇಷನ್ಸ್ ಎಲ್ಲಿಂದ ಬರಬೇಕು? "ಓ ಗಾಡ್, ಶುರುವಾಯ್ತು!" ಎಂದು ದಡಾರನೆ ಕಿಟಕಿ ಮುಚ್ಚುತ್ತಿದ್ದೆ. ಆ ದಡಾರ್ ಕೇಳಿದ ಮೇಲೇ ಅವಳು ಕಮಾನು ಎತ್ತುತ್ತಿದ್ದದ್ದಂತೆ. "ಲಿಲ್ಲಿ ಎದ್ಲು ಅಂತ ಗೊತ್ತಾಗ್ತಿತ್ತು" ಎನ್ನುತ್ತಿದ್ದಳು. ಲೀಲಾವತಿಯನ್ನು ಲಿಲ್ಲಿ ಮಾಡಿದವರು ನಮ್ಮ ಸಿಸ್ಟರುಗಳು.

ಹೋದ ವರ್ಷ ಬೀದಿಯ ಸಂಘದವರಿಗೆ ಒಂದು ಹುಮ್ಮಸ್ಸು ಬಂತು. ಇಲ್ಲಿ ಹುಟ್ಟಿದ ಕಲಾವಿದರ ಹೆಸರನ್ನೆಲ್ಲ ಬೋರ್ಡಿನಲ್ಲಿ ಬರೆಸಿ, ಮೂಲೆಮನೆಯಾದ ನಮ್ಮ ಕಾಂಪೌಂಡಿಗೆ ಹಾಕುವುದು. ವೆರಿ ನೈಸ್ ಎಂದೆ. ಆದರೆ ಸೆಕ್ರೆಟರಿ ಸೀನು ತಂದ ಹೆಸರುಗಳಲ್ಲಿ ಸಾವಿತ್ರಿಯೇ ಇಲ್ಲ!

"ಅವರು ಹುಟ್ಟಿದ್ದು ಕೋಲಾರದಲ್ಲಿ ಆಂಟಿ."

"ಅವಳಮ್ಮ ಹೆರಿಗೆಗೆ ತವರಿಗೆ ಹೋಗಿದ್ರಪ್ಪ. ಆ ಕಾಲ್ದಲ್ಲಿ ಯಾವಳು ಗಂಡನ ಮನೇಲಿ ಹೆರ್ತಿದ್ಲು? ಮೂರು ತಿಂಗಳ ಕೂಸಾಗಿ ಬಂದೋಳು ಇವತ್ತಿಗೂ ಇಲ್ಲೇ ಇದಾಳೆ."

"ಎಲ್ಲಾದ್ರೂ ಒಂದು ಗೆರೆ ಎಳೀಬೇಕಲ್ವಾ? ಇಲ್ಲಾಂದ್ರೆ ಇಲ್ಲಿ ಇಡ್ಲಿ ತಿಂದು ಹೋದೋರೂ ನಮ್ಮೋರೇ ಆಗ್ತಾರೆ."

ಮೊದಲ ಹೆಸರು ಒಬ್ಬ ದೊಡ್ಡ ಕೊಳಲು ವಿದ್ವಾಂಸರದು. ಅವರ ತಾಯಿ ನಮ್ಮ ಬೀದಿಯ ಮಗಳು. ಬಾಣಂತನ ಮುಗಿದೊಡನೆ ತೊಟ್ಟಿಲ ಸಮೇತ ಧಾರವಾಡಕ್ಕೆ ಹೊರಟುಹೋದವರು. ನಮ್ಮ ಬೀದಿಯಲ್ಲಿ ಆ ವಿದ್ವಾಂಸರು ಮಾಡಿದ್ದೆಂದರೆ ಅತ್ತದ್ದು ಮಾತ್ರ. ಕೊನೆಯ ಹೆಸರು ಇನ್ನೂ ಚೆನ್ನ: ಲೀಲಾವತಿ, ಗಾಯಕಿ! ನಾನು ಅಜ್ಜಿಯ ಈ ಮನೆಯಲ್ಲೇ ಹುಟ್ಟಿ ಇಲ್ಲೇ ಉಳಿದವಳು, ಶಾಲೆಯ ಕಾಯರಿನಲ್ಲೂ, ಅಂದರೆ ಪ್ರಾರ್ಥನೆ ಹಾಡುವ ತಂಡದಲ್ಲೂ, ಇದ್ದವಳು. ಕಾನ್ವೆಂಟಿನ ಮದರ್ ನನಗೆ "ಜಸ್ಟ್ ಮೂವ್ ಯುವರ್ ಲಿಪ್ಸ್, ಚೈಲ್ಡ್" ಎಂದದ್ದು ಸೀನುವಿಗೆ ಹೇಗೆ ಗೊತ್ತಿರಬೇಕು?

ಇದನ್ನೆಲ್ಲ ಹೇಳಿದರೆ ಸಾವಿತ್ರಿ ಬಿದ್ದು ಬಿದ್ದು ನಕ್ಕಳು. "ಬಿಡೇ, ನನ್ನ ಹೆಸರಿನ ಮೇಲೆ ಕಾಗೆ ಕೂರೋದು ತಪ್ತು." ನಕ್ಕ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದಳು. ಮದುವೆಯಾಗದೆ, ರಾಮನವಮಿಯ ಚಪ್ಪರಗಳಲ್ಲಿ ನುಡಿಸುತ್ತ, ಬೀದಿಯ ಮಕ್ಕಳಿಗೆಲ್ಲ ಸರಳೆ ಹೇಳಿಕೊಡುತ್ತ ತಲೆ ನರೆಸಿಕೊಂಡವಳು. ಆ ಸೀನುವಿಗೂ ಇವಳೇ ಕಲಿಸಿದ್ದು, ಅವನಿಗೆ ಬರಲಿಲ್ಲ, ಅಷ್ಟೆ.

ಮರುದಿನ ಸೀನುವನ್ನು ಕರೆಸಿದೆ. "ನೋಡಪ್ಪಾ, ಗೆರೆ ನಿಂದು, ಕಾಂಪೌಂಡ್ ನಂದು. ನನ್ನ ಹೆಸರು ತೆಗೆದು ಅವಳದು ಹಾಕು. ಇಲ್ಲಾಂದ್ರೆ ನಿನ್ನ ಬೋರ್ಡನ್ನ ಕೋಲಾರದಲ್ಲೇ ನೇತುಹಾಕು."

ಬೋರ್ಡ್ ಬಂದ ಸಂಜೆ ಸಾವಿತ್ರಿ ಕೋಲೂರಿಕೊಂಡು ರಸ್ತೆ ದಾಟಿ ಬಂದಳು. ತನ್ನ ಹೆಸರನ್ನು ಓದಿದಳು, ಮತ್ತೊಮ್ಮೆ ಓದಿದಳು.

"ಇಲ್ಲಿ ಹುಟ್ಟಿ ಇಲ್ಲೇ ಇರೋಳು ನೀನೊಬ್ಳೇ ಕಣೇ. ನಿನ್ನ ಹೆಸರೇ ಇಲ್ವಲ್ಲೇ?"

"ಕೇಳೋಕೂ ಒಬ್ರು ಬೇಕಲ್ಲ ಮೈ ಡಿಯರ್."

"ನೀನಾ? ಕೇಳಿದೋಳಾ!" ಎಂದು ನಗುತ್ತ ಹಿಂತಿರುಗಿದಳು. ತನ್ನ ಗೇಟಿನ ಬಳಿ ನಿಂತು, ಗಾಳಿಯಲ್ಲೇ ಒಂದು ಬಿರಡೆ ತಿರುಗಿಸಿ ತೋರಿಸಿ, "ಹೋಗು, ಕಿಟಕಿ ಮುಚ್ಕೋ, ಶ್ರುತಿ ಮಾಡ್ಕೋಬೇಕು" ಎಂದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ, ಆ ರಾತ್ರಿ ನಿದ್ದೆಯಲ್ಲೇ ಹೋಗಿಬಿಟ್ಟಳು. ಅವತ್ತು ನಾನು ಕಿಟಕಿ ಮುಚ್ಚಲಿಲ್ಲ. ದಡಾರ್ ಕೇಳಿಸಲಿಲ್ಲವೆಂದು ಅವಳು ಎಷ್ಟು ಹೊತ್ತು ಕಾದಳೋ ಏನೋ.